ಮುಚ್ಚಳ ತೆಗೆದು ಬಣ್ಣ ನೋಡಿದ್ದು

ಇಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಫರ್ನೇಸಿನ ಮೇಲೆ ಕೈಯಿಟ್ಟು ಆಣೆ ಮಾಡುತ್ತೇನೆ, ತಣ್ಣಗಾದ ಮೇಲೆ. ಬೆಂಕಿಯ ಹತ್ತಿರ ಆಯುಷ್ಯ ಕಳೆದವನಿಗೆ ಇಂಥವು ಆಗುತ್ತಲೇ ಇರುತ್ತವೆ.

೧. ಕಣ್ಣೇ ಮೀಟರು

ಬ್ರಹ್ಮಾವರದ ಹತ್ತಿರ ಒಂದು ಹೆಂಚಿನ ಕಾರ್ಖಾನೆಯಲ್ಲಿ ನಾನೂ ಅಣ್ಣನೂ ಮೂವತ್ತು ವರ್ಷ ಭಟ್ಟಿ ಕಾದವರು. ಅಲ್ಲಿ ಮೀಟರು ಗೀಟರು ಇರಲಿಲ್ಲ. ಭಟ್ಟಿಯ ತೂತಿನ ಮುಚ್ಚಳ ತೆಗೆಯುವುದು, ಬೆಂಕಿಯ ಬಣ್ಣ ನೋಡುವುದು, ಸೌದೆ ಹಾಕುವುದು. ಕುಂಕುಮದ ಕೆಂಪಾದರೆ ಇನ್ನೂ ಹಸಿ, ಗೇರುಹಣ್ಣಿನ ಬಣ್ಣ ಬಂದರೆ ಹದ. ನಾನು ನೋಡಿದರೆ ಬೆಂಕಿಯೇ ನಾಚಿ ಕೆಂಪಾಗುತ್ತಿತ್ತು.

ಕಾರ್ಖಾನೆ ಮುಚ್ಚಿದ ದಿನ ಧಣಿಗಳು ನಮ್ಮ ಕೈ ಹಿಡಿದು, "ನಿಮ್ಮಂಥವ್ರಿಗೆ ಎಲ್ ಹೋದ್ರೂ ಎಂತಾರೂ ಸಿಕ್ಕತ್ತ್" ಅಂದರು.

ಅಣ್ಣನಿಗೆ ಕೆಮ್ಮು ಸಿಕ್ಕಿತು. ನನಗೆ ಎರಡು ವರ್ಷ ಅದೂ ಸಿಗಲಿಲ್ಲ.

೨. ಅಂಟಿಕೊಂಡರೆ ಕೆಟ್ಟಿತು

ಆಮೇಲೆ ಕುಂದಾಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಫರ್ನೇಸ್ ಕಾಯುವ ಕೆಲಸ. ಅಲ್ಲಿನ ಮೇಡಂ ಸಾಲಿಗ್ರಾಮದವರು. ಕೂದಲೆಳೆಯಂಥ ನೂಲುಗಳನ್ನು ಒಳಗಿಟ್ಟು ಪಿಂಗಾಣಿಯ ಹಲಗೆ ಸುಡುತ್ತಿದ್ದರು.

"ಸಾವಿರ ಡಿಗ್ರಿ ನೋಡಿ ಅಭ್ಯಾಸ ಇದೆಯಾ?" ಎಂದು ಕೇಳಿದರು.

"ಅದ್ರಗೇ ನಾನ್ ಬೀಡಿ ಹಚ್ಚುದ್ ಮೇಡಂ."

ಅವರು ನಗಲಿಲ್ಲ. ಕೂರಿಸಿ ವಿವರಿಸಿದರು. ನೂಲಿನ ಮೇಲೆ ಮಸಿಯಂಥ ತೆಳು ಪದರ ಇರುತ್ತದೆ. ಅದಿದ್ದರೆ ನೂಲು ಪಿಂಗಾಣಿಯೊಳಗೆ ತುಸು ಜಾರುತ್ತದೆ, ಬಿರುಕು ಬಂದರೂ ನೂಲಿನ ಹತ್ತಿರ ನಿಲ್ಲುತ್ತದೆ. ಗಾಳಿ ತಾಗಿ ಪದರ ಸುಟ್ಟುಹೋದರೆ ನೂಲೂ ಪಿಂಗಾಣಿಯೂ ಬೆಸೆದು ಒಂದೇ ಆಗುತ್ತವೆ. ಆಗ ಬಿರುಕು ಎರಡನ್ನೂ ಒಟ್ಟಿಗೆ ಸೀಳುತ್ತದೆ. ಅದಕ್ಕೇ ಫರ್ನೇಸಿನ ತುಂಬ ಗಾಳಿಯ ಬದಲು ಬೇರೆ ಗ್ಯಾಸು.

"ಅರ್ಥ ಆಯ್ತ್ ಮೇಡಂ" ಅಂದೆ. "ಹೆಂಡ್ತಿ ಕೆರಾಡಿಯಗೆ, ನಾನ್ ಇಲ್ಲಿ. ಅದ್ಕೇ ನಮ್ ಸಂಸಾರ ಇನ್ನೂ ಒಡಿಲಿಲ್ಲ."

೩. ಟಕ್

ಮೊದಲ ಹಲಗೆಯನ್ನು ಯಂತ್ರದಲ್ಲಿಟ್ಟು ಒತ್ತಿದರು. ಟಕ್. ಹಪ್ಪಳದ ಹಾಗೆ ಎರಡು ತುಂಡು. ಎರಡನೆಯದೂ ಟಕ್. ಮೇಡಂ ಗ್ಯಾಸ್ ಬದಲಿಸಿದರು, ನೂಲು ಬದಲಿಸಿದರು, ಊಟ ಬಿಟ್ಟರು. ಆರೂ ಟಕ್.

ನಾನು ಕೋಟದಲ್ಲಿದ್ದ ಅಣ್ಣನ ಮನೆಗೆ ಹೋಗಿ ಅವನನ್ನು ಕೇಳಿದೆ. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಮಲಗಿದ್ದ.

"ತಮ್ಮ, ಮೀಟರ್ ನಂಬುಕಾಗ" ಅಂದ. "ಬಣ್ಣ ಕಾಂತ್ಯಾ?"

"ಗಂಟಿಗೊಂದ್ ಸಲ ಕಾಂತೆ."

"ಅಷ್ಟ್ ಸಾಲ ಮಾರಾಯ, ಇನ್ನೂ ಜಾಸ್ತಿ ಕಾಣ್."

ಸಾಯುವವನ ಮಾತು, ಮೀರುವುದುಂಟೇ? ಮೇಡಂ ಪಾಠಕ್ಕೆ ಹೋದ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ತೂತಿನ ಮುಚ್ಚಳ ತೆಗೆದು ನೋಡಿದೆ. ಏಳನೆಯ ಹಲಗೆ ಯಂತ್ರದವರೆಗೂ ಹೋಗಲಿಲ್ಲ, ಮೇಡಂ ಕೈಯಲ್ಲೇ ಒಡೆಯಿತು.

೪. ಎಂಟನೆಯದು

"ಎಂಟನೆಯದೂ ಹೋದರೆ ಪ್ರಾಜೆಕ್ಟ್ ಮುಚ್ಚುತ್ತಾರೆ. ನಾನೂ ಮನೆಗೆ, ನೀವೂ ಮನೆಗೆ" ಅಂದರು ಮೇಡಂ.

ಅದನ್ನು ಸುಡುವ ದಿನ ಬೆಳಿಗ್ಗೆಯೇ ಅಣ್ಣ ತೀರಿಕೊಂಡ. ನಾನು ಕೋಟಕ್ಕೆ ಓಡಿದೆ, ಫರ್ನೇಸಿನ ಮುಂದೆ ಮೇಡಂ ಒಬ್ಬರೇ ಕೂತರು.

ಅಣ್ಣನ ಬೊಜ್ಜದ ಕ್ರಿಯೆಗಳನ್ನು ಮುಗಿಸಿ ಬಂದಾಗ ತಪಾಸಣೆಯವರು ಲ್ಯಾಬಿನಲ್ಲಿದ್ದರು. ಎಂಟನೆಯ ಹಲಗೆ ಯಂತ್ರದಲ್ಲಿತ್ತು. ಒತ್ತಿದರು. ಟಕ್ ಇಲ್ಲ. ಚರಚರ ಅಂತು, ಬಾಗಿತು, ಬಿರುಕಿನಲ್ಲಿ ನೂಲುಗಳು ತೆಂಗಿನ ನಾರಿನ ಹಾಗೆ ಎದ್ದು ನಿಂತವು, ಆದರೂ ಹಲಗೆ ಎರಡಾಗಲಿಲ್ಲ.

"ಈ ಸಲ ಏನು ಬದಲಿಸಿದಿರಿ?" ಎಂದು ಹಿರಿಯ ಅಧಿಕಾರಿ ಕೇಳಿದರು.

ಮೇಡಂ ಪುಸ್ತಕ ತಿರುವಿದರು. ಅದೇ ನೂಲು, ಅದೇ ಗ್ಯಾಸ್, ಅದೇ ಬಿಸಿ. ಮತ್ತೆ ಮೊದಲಿಂದ ತಿರುವಿದರು. ಮೇಡಂ ಮರ್ಯಾದೆ ಉಳಿಸಬೇಕಲ್ಲ, ನಾನು ಮುಂದೆ ಬಂದೆ.

"ಬದ್ಲ್ ಎಂತದೂ ಇಲ್ಲ ಸರ್. ನಾನಿಲ್ದೆ ಮುಚ್ಚಳ ತೆಗ್ದ್ ಬಣ್ಣ ಕಾಂಬುಕೆ ಯಾರೂ ಇರ್ಲಿಲ್ಲ, ಅಷ್ಟೇ. ಇದ್ದಿದ್ರೆ ಇನ್ನೂ ಲಾಯ್ಕಾಯ್ತಿತ್ತ್."

ಮೇಡಂ ಪುಸ್ತಕ ಮುಚ್ಚಿದರು. ಅಲ್ಲಿಯವರೆಗೆ ನನ್ನ ಹತ್ತಿರ ಪುಸ್ತಕದ ಕನ್ನಡವನ್ನೇ ಆಡಿದವರು, "ಹ್ವಾಯ್, ಎಷ್ಟ್ ಸಲ ತೆಗಿತಿದ್ರಿ ನೀವ್?" ಅಂದರು.

ಪ್ರಾಜೆಕ್ಟ್ ಉಳಿಯಿತು. ತೂತಿನ ಮುಚ್ಚಳಕ್ಕೆ ವೆಲ್ಡಿಂಗ್ ಬಿತ್ತು, ನನ್ನ ಕೆಲಸಕ್ಕೆ ಕತ್ತರಿ ಬೀಳಲಿಲ್ಲ. ಬದುಕಿದ್ದಾಗ ಅಣ್ಣನ ಸಲಹೆಯಿಂದ ಒಂದು ಹಲಗೆ ಹೋಯಿತು, ಸತ್ತು ಒಂದನ್ನು ಉಳಿಸಿದ. ಲೆಕ್ಕ ಸಮ.

ಇಷ್ಟರಲ್ಲಿ ಒಂದೇ ಒಂದು ಸಣ್ಣ ಸುಳ್ಳಿದೆ, ಮೇಡಂ ಓದುವುದಿಲ್ಲ ಎಂಬ ಧೈರ್ಯದಲ್ಲಿ ಹೇಳುತ್ತೇನೆ. ಅರ್ಧ ಗಂಟೆಗೊಮ್ಮೆ ಅಲ್ಲ. ಹತ್ತು ನಿಮಿಷಕ್ಕೊಮ್ಮೆ.