ಬರೆ, ಬನಿಯನ್ನು ಮತ್ತು ಲ್ಯಾಟಿನ್ನು

ಬಂಗಾರಪೇಟೆ ತಾಲ್ಲೂಕಿನ ನಮ್ಮೂರಿನಲ್ಲಿ ಎಮ್ಮೆಗೆ ಬೈಯಲು ಭಾಷೆಗಳಿಗೇನೂ ಬರವಿಲ್ಲ. ಕನ್ನಡದಲ್ಲಿ ಬೈದರೆ ಕಿವಿ ಅಲ್ಲಾಡಿಸುತ್ತದೆ, ತೆಲುಗಿನಲ್ಲಿ ಬೈದರೆ ಬಾಲ ಬೀಸುತ್ತದೆ, ತಮಿಳಿನಲ್ಲಿ ಬೈದರೆ ಎದ್ದು ನಿಲ್ಲುತ್ತದೆ. ಹೀಗಿರುವಾಗ ಲ್ಯಾಟಿನ್ನಿನಲ್ಲಿ ಬೈಯುವ ಅಗತ್ಯ ಯಾರಿಗಾದರೂ ಇದೆಯೇ? ಇದೆ, ಒಬ್ಬನಿಗೆ ಇದೆ. ಅವನು ನನ್ನ ಸೋದರಮಾವ!

ಪಶು ಆಸ್ಪತ್ರೆಯವರು ಕಿವಿಗೆ ಹೊಡೆದಿದ್ದ ಹಳದಿ ಬಿಲ್ಲೆಯನ್ನು ಎಮ್ಮೆ ಕಂಬಕ್ಕೆ ಉಜ್ಜಿ ಉಜ್ಜಿ ಬೀಳಿಸಿಕೊಂಡು ಬಂದ ದಿನ ಅವನು ಕೊಟ್ಟಿಗೆಯಲ್ಲಿ ನಿಂತು ಕೂಗಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

"ಲೇ ಮುಂಡೇದೇ, ನೋಟಾ ಕಳ್ಕೊಂಡು ಬಂದಿದ್ದೀಯಲ್ಲಾ! ಸಿಗ್ನುಂ ಇಲ್ದೆ ನೀನು ಯಾರ ಮನೆ ಎಮ್ಮೆ ಅಂತ ಯಾವನು ಯೋಳ್ತಾನೆ?"

ಎಮ್ಮೆ ದಂಗಾಗಿ ಮೆಲುಕು ನಿಲ್ಲಿಸಿತು. ನಾನೂ ದಂಗಾದೆ.

ಮಾಮನ ಕಸುಬು ಹೆಸರು ಕೊರೆಯುವುದು. ಆಂಡರ್ಸನ್‌ಪೇಟೆಯ ಒಂದು ಪಾತ್ರೆ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಕರೆಂಟಿನ ಮಿಷನ್ನು ಹಿಡಿದು ಜುರ್ರ್ ಎನ್ನಿಸುತ್ತಾ ಕೂತಿರುತ್ತಾನೆ. ಗೃಹಪ್ರವೇಶಕ್ಕೆ ಕೊಡುವ ಕೊಡ, ಮದುವೆಗೆ ಕೊಡುವ ಕೊಳಗ, ನಾಮಕರಣಕ್ಕೆ ಕೊಡುವ ಲೋಟ, ಎಲ್ಲದರ ಮೇಲೂ ಕೊಟ್ಟವರ ಹೆಸರು ಇರಲೇಬೇಕಲ್ಲ! ನಮ್ಮ ಕಡೆ ಹೆಸರಿಲ್ಲದ ಪಾತ್ರೆ ಕೊಡುವುದೂ ಒಂದೇ, ಕೊಡದೇ ಇರುವುದೂ ಒಂದೇ.

ಇಂಥವನಿಗೆ ಲ್ಯಾಟಿನ್ನು ಎಲ್ಲಿಂದ ಅಂಟಿತು ಎಂದು ಕೇಳುತ್ತೀರಾ? ಅವನು ಚಿಕ್ಕವನಿದ್ದಾಗ ಊರಿಗಾಂನ ಒಬ್ಬ ವಯಸ್ಸಾದ ಫಾದರ್ ಮನೆಗೆ ಹಾಲು ಹಾಕುತ್ತಿದ್ದನಂತೆ. ಹಾಲಿಗೆ ನೀರು ಬೆರೆಸುವ ಸಂಶಯ ಬಂದು ಫಾದರ್ ಒಂದು ದಿನ ಕ್ಯಾನಿನ ಒಳಗೆ ಮೊಳೆಯಿಂದ ಗೀಟು ಎಳೆದು, 'ನೋಟಾ' ಎಂದರಂತೆ. ಹಾಗೆಂದರೆ ಗುರುತು. ಬೈಯುತ್ತಾರೆಂದು ಹೆದರಿದ್ದ ಹುಡುಗನಿಗೆ ಹೊಸ ಪದ ಸಿಕ್ಕಿತು! ಅಲ್ಲಿಂದ ಶುರು. ಬಟ್ಟೆಗೆ ಅಗಸ ಹಾಕುವ ಚುಕ್ಕೆಗೆ ಏನಂತಾರೆ, ಅರಗಿನ ಮುದ್ರೆಗೆ ಏನಂತಾರೆ, ಕಲ್ಲಲ್ಲಿ ಕೆತ್ತಿದರೆ ಏನಂತಾರೆ, ಕೇಳಿ ಕೇಳಿ ಫಾದರ್ ತಲೆ ತಿಂದಿದ್ದಾನೆ. ಗುರುತು ಸಿಗ್ನುಂ, ಮುದ್ರೆ ಸಿಗಿಲ್ಲುಂ, ಹೆಸರಿನ ಹಲಗೆ ತಿತುಲುಸ್, ಬರೆ ಸ್ಟಿಗ್ಮಾ. ಲ್ಯಾಟಿನ್ನಿನಲ್ಲಿ 'ನೀರು ಕೊಡಿ' ಎಂದು ಕೇಳಲು ಅವನಿಗೆ ಬಾರದು. ಗೊತ್ತಿರುವುದೆಲ್ಲ ಗುರುತು ಹಾಕುವ ಮಾತುಗಳೇ. ಯಾವುದಾದರೂ ಗುರುತಿಗೆ ಪದ ಸಿಗದಿದ್ದರೆ ಕೊನೆಗೊಂದು 'ಉಸ್' ಸೇರಿಸಿ ತಾನೇ ತಯಾರಿಸುತ್ತಾನೆ. ಫಾದರ್ ತೀರಿಹೋಗಿ ಎಷ್ಟೋ ಕಾಲವಾಯಿತು, ಇನ್ನು ತಿದ್ದುವವರು ಯಾರು?

ಅಂಗಡಿಗೆ ಬಂದ ಗಿರಾಕಿಯನ್ನೂ ಅವನು ಸುಮ್ಮನೆ ಬಿಡುವುದಿಲ್ಲ. ಒಮ್ಮೆ ನನ್ನೆದುರಿಗೇ ಒಬ್ಬ ಮನುಷ್ಯ ಕೊಡ ತಂದು ಮುಂದಿಟ್ಟ.

"ಸಿಗ್ನುಂ ಆಕ್ಲಾ, ತಿತುಲುಸ್ ಆಕ್ಲಾ?" ಎಂದು ಮಾಮ ಗಂಭೀರವಾಗಿ ಕೇಳಿದ.

ಆ ಬಡಪಾಯಿ ಅಂಗಡಿಯೊಳಗೆ ಇಣುಕಿ, ಹೆಂಡತಿಯ ಮುಖ ನೋಡಿ, ಕೊನೆಗೆ ತಮಿಳು ಬೆರೆಸಿ ಮೆಲ್ಲಗೆ ಹೇಳಿದ: "ಅಣ್ಣಾ, ಎದು ಕಮ್ಮಿ ರೇಟೋ ಅದೇ ಪೋಡುಂಗೋ."

ರಾಗಿ ಕಣದ ಕಥೆ ಇನ್ನೂ ಚೆಂದ. ರಾಶಿಯಿಂದ ಯಾರೂ ರಾಗಿ ಎತ್ತಬಾರದೆಂದು ಅದರ ಮೇಲೆ ಬೂದಿಯಲ್ಲಿ ಗೆರೆ ಎಳೆಯುವ ಪದ್ಧತಿ ನಮ್ಮಲ್ಲಿ ಉಂಟು. ಗೆರೆ ಕದಡಿದರೆ ಕಳ್ಳ ಬಂದಿದ್ದನೆಂದು ಅರ್ಥ. ಎಲ್ಲರೂ ಗೆರೆ ಎಳೆದರೆ ನಮ್ಮ ಮಾಮ ರಾಶಿಯ ಸುತ್ತ ಬೂದಿಯಲ್ಲಿ 'ಸಿಗಿಲ್ಲುಂ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ! ಬೆಳಿಗ್ಗೆ ನೋಡಿದರೆ ನಡುವಿನ ಎರಡು ಅಕ್ಷರ ಮಾಯ, ಅಲ್ಲಿ ಕೋಳಿಯ ಹೆಜ್ಜೆ. ಮಾಮ ನೇರವಾಗಿ ಪಕ್ಕದ ಮನೆಗೆ ಹೋಗಿ ಸೀಲು ಒಡೆದ ಅಪರಾಧವನ್ನು ಕೋಳಿಯ ಮೇಲೆ ಹೊರಿಸಿದ. ಪಕ್ಕದ ಮನೆಯಾಕೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ನಿನ್ ಇಂಗ್ಲೀಸು ಓದಾಕೆ ನಮ್ ಕೋಳಿ ಏನು ಇಸ್ಕೂಲಿಗೆ ಓಗಿತ್ತೇನಣ್ಣಾ?"

ಕಳೆದ ಚುನಾವಣೆಯಲ್ಲಂತೂ ನಾವು ಮಾನ ಉಳಿಸಿಕೊಂಡಿದ್ದೇ ಹೆಚ್ಚು. ಬೆರಳಿಗೆ ಶಾಯಿ ಹಚ್ಚುತ್ತಿದ್ದಂತೆ ಮಾಮನಿಗೆ ಫಾದರ್ ನೆನಪಾಗಿ, ಬೆರಳೆತ್ತಿ ಖುಷಿಯಿಂದ "ನೋಟಾ! ನೋಟಾ!" ಎಂದ. ಮತಗಟ್ಟೆಯ ಮೇಡಂ ಗಾಬರಿಯಿಂದ ಎದ್ದೇ ನಿಂತರು. "ಸ್ವಾಮಿ, ಯಾರಿಗೆ ಹಾಕ್ತೀನಿ ಅಂತ ಇಲ್ಲಿ ಕೂಗೋ ಹಾಗಿಲ್ಲ!" ಪೊಲೀಸಪ್ಪ ಬಂದ. ಮಾಮ ಅವನಿಗೂ ರೋಮ್ ನಗರದ ಕಥೆ ಹೇಳಲು ಶುರುಮಾಡಿದ. ನಾನು ತಲೆ ಮೇಲೆ ಸೆರಗು ಎಳೆದುಕೊಂಡು, ಈ ಮನುಷ್ಯ ಯಾರೋ ಏನೋ ಎಂಬಂತೆ ಗೋಡೆ ನೋಡುತ್ತಾ ನಿಂತೆ.

ಇವೆಲ್ಲದರ ಮೇಲೆ ಅವನದೊಂದು ಬನಿಯನ್ನಿನ ಚಾಳಿ. ಮಾಮ ಸ್ನಾನ ಮಾಡುವಾಗಲೂ ಬನಿಯನ್ನು ಬಿಚ್ಚುವುದಿಲ್ಲ! ಹಿತ್ತಲ ತೊಟ್ಟಿಯ ಹತ್ತಿರ ಬನಿಯನ್ನಿನ ಮೇಲೇ ನೀರು ಹುಯ್ದುಕೊಂಡು, ಬನಿಯನ್ನಿನ ಮೇಲೇ ಸೋಪು ಉಜ್ಜುತ್ತಾನೆ. ಬೇಸಿಗೆಯ ಉರಿಬಿಸಿಲಿನಲ್ಲೂ ಅದು ಮೈಮೇಲೆ ಇರಲೇಬೇಕು. ಎದೆಯ ಹತ್ತಿರ ಮಾಸದ ಶಾಯಿಯಲ್ಲಿ ಅವನ ಹೆಸರು ಬೇರೆ. ಸ್ನಾನಕ್ಕೆ ನಿಂತಾಗ ಯಾರಾದರೂ ಬನಿಯನ್ನು ಕದ್ದಾರೆಂಬ ಭಯ ಇವನಿಗೆ ಎಂದು ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು. ಅವನೂ ನಗುತ್ತಿದ್ದ.

ಇಂಥ ಮಾತುಗಾರ ಬಾಯಿ ಮುಚ್ಚುತ್ತಿದ್ದುದು ಒಂದೇ ವಿಷಯಕ್ಕೆ. ಮಾಮನ ತಾಯಿ, ಅಂದರೆ ನನ್ನಜ್ಜಿ, ಎಂಬತ್ತು ದಾಟಿದ ಗಟ್ಟಿ ಮುದುಕಿ. ಬರೆ ಹಾಕುವುದರಲ್ಲಿ ಸುತ್ತಮುತ್ತಲ ಊರಿಗೆಲ್ಲ ಹೆಸರಾದವಳು. ಕೂಸಿಗೆ ಕಾಮಾಲೆಯಾದರೂ ಸರಿ, ಹೊಟ್ಟೆ ಉಬ್ಬರಿಸಿದರೂ ಸರಿ, ಬಳೆ ಚೂರು ಕಾಯಿಸಿ ಹೊಟ್ಟೆಯ ಮೇಲೆ ಮೂರು ಗೀಟು ಎಳೆಯುತ್ತಿದ್ದಳು. ಈಗೀಗ ಬರುವವರು ಕಡಿಮೆಯಾದರೂ ಒಬ್ಬಿಬ್ಬರು ಮಗು ಎತ್ತಿಕೊಂಡು ಬರುತ್ತಲೇ ಇದ್ದರು. ಅವರು ಬಂದರೆಂದರೆ ಮಾಮ ಮೊಪೆಡ್ ಹತ್ತಿ ಅಂಗಡಿಗೆ ಹೊರಟೇಬಿಡುತ್ತಿದ್ದ. ಅಂಗಡಿ ಬಾಗಿಲು ಹಾಕಿರುವ ದಿನವೂ ಹೊರಡುತ್ತಿದ್ದ. ಅದನ್ನೂ ನಾವು ಅವನ ತಿಕ್ಕಲಿನ ಲೆಕ್ಕಕ್ಕೇ ಸೇರಿಸಿದ್ದೆವು.

ಈ ವರ್ಷ ನನಗೆ ಹೆಣ್ಣು ಮಗುವಾಯಿತು. ಮಗುವಿಗೆ ಕಾಮಾಲೆ ಕಾಣಿಸಿ, ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿ, ಕಡಿಮೆಯಾದ ಮೇಲೆ ಮನೆಗೆ ಕಳಿಸಿದರು. ಇನ್ನೊಮ್ಮೆ ತೋರಿಸಲು ಬರಹೇಳಿದ್ದರು. ನಾನು ಬಾಣಂತನಕ್ಕೆ ಅಮ್ಮನ ಮನೆಗೆ ಬಂದೆ. ಅಮ್ಮನನ್ನು ಕೊಟ್ಟಿದ್ದೂ ಅದೇ ಊರಿಗೇ. ನಮ್ಮ ಮನೆಗೂ ಅಜ್ಜಿಯ ಮನೆಗೂ ನಡುವೆ ಇರುವುದು ಒಂದು ಹುಣಸೆಮರ ಮಾತ್ರ. ಮರುದಿನ ಆಸ್ಪತ್ರೆಗೆ ಹೊರಡಬೇಕು ಎನ್ನುವಾಗ ಅಜ್ಜಿ ಬಂದಳು. ಮಗುವಿನ ಕಣ್ಣ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿದಳು.

"ಇನ್ನೂ ಅಳದಿ ಅದೆ ಕಣೇ. ದೀಪ ಆಕುದ್ರೆ ಓಯ್ತದಾ ಇದು? ಮೂರು ಗೀಟು ಎಳೀತೀನಿ. ನಾಳೆ ಒತ್ತಾರೆಗೆ ಕೂಸು ಕೆಂಡಸಂಪಿಗೆ ಅಂಗಾಯ್ತದೆ."

ಅಂಗೈಯಗಲದ ಹೊಟ್ಟೆ ಅದು! ಹೊಕ್ಕಳ ಇನ್ನೂ ಪೂರ್ತಿ ಒಣಗಿಲ್ಲ. "ಬೇಡ ಅಜ್ಜೀ" ಎಂದು ಅಳುತ್ತಾ ಕೂಗಾಡಿದೆ. "ನನ್ ಕೈಯಾಗೆ ಎಷ್ಟು ಕೂಸು ಉಳುದವೆ, ನಿಂಗೇನು ಗೊತ್ತು?" ಎಂದಳು ಅಜ್ಜಿ. ಅದರಲ್ಲಿ ಕೋಪವಿರಲಿಲ್ಲ, ನನ್ನ ಮೇಲೆ ಮರುಕವಿತ್ತು. ನನಗೆ ಇನ್ನೂ ಭಯವಾಗಿದ್ದು ಅದಕ್ಕೇ. ಅಮ್ಮನನ್ನು ನೋಡಿದರೆ ಅವಳು ತಲೆ ತಗ್ಗಿಸಿ ಸೆರಗಿನ ಅಂಚು ಸುರುಳಿ ಸುತ್ತುತ್ತಿದ್ದಾಳೆ. ಹಿರೀಕರ ಮಾತು ಮೀರಿ ಮಗುವಿಗೆ ಏನಾದರೂ ಆದರೆ ಎಂಬ ಅಳುಕು ಅವಳಿಗೆ. ಅಜ್ಜಿ ಒಲೆಯ ಮುಂದೆ ಕೂತು ಬಳೆ ಚೂರು ಹುಡುಕತೊಡಗಿದಳು. ನಾನು ಮಗುವನ್ನು ಅವಚಿಕೊಂಡು ಮಾಮನಿಗೆ ಫೋನು ಮಾಡಿದೆ.

ಆಂಡರ್ಸನ್‌ಪೇಟೆಯಿಂದ ಆ ಮೊಪೆಡ್ ಅಷ್ಟು ಬೇಗ ಹೇಗೆ ಬಂತೋ ದೇವರಿಗೇ ಗೊತ್ತು. ಮಾಮ ಒಳಗೆ ಬಂದ, ಹೆಗಲಿನ ಚೀಲ ಇಳಿಸಿದ, ಅಜ್ಜಿಯ ಪಕ್ಕ ಚಕ್ಕಂಬಕ್ಕಲು ಹಾಕಿ ಕೂತ.

"ಅವ್ವಾ, ಬರೆ ಆಕ್ಲೇಬೇಕು. ನೀನು ಯೋಳಿದ್ದು ಸರಿಯಾಗೇ ಅದೆ. ನಾನೇ ಆಕುಸ್ತೀನಿ."

ಕಾಯಲು ಕರೆದವನೇ ಕೆಂಡ ತಂದನಲ್ಲ! ಅಷ್ಟರಲ್ಲಿ ಅವನು ಚೀಲದಿಂದ ಹೆಸರು ಕೊರೆಯುವ ಮಿಷನ್ನು ತೆಗೆದು ಪ್ಲಗ್ಗಿಗೆ ಸಿಕ್ಕಿಸಿದ. ಜುರ್ರ್! ನಾನು ಕಿಟಾರನೆ ಕಿರುಚಿ ಗೋಡೆಗೆ ಅಂಟಿಕೊಂಡೆ. ಮಾಮ ನನ್ನ ಕಡೆ ತಿರುಗಿಯೂ ನೋಡದೆ, "ಒಳಲೆ ಎಲ್ಲದೆ? ತತ್ತಾ" ಎಂದ.

ಒಳಲೆ ಎಂದರೆ ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಬೆಳ್ಳಿಯ ಪುಟ್ಟ ಬಟ್ಟಲು. ನಮ್ಮ ಮನೆತನದ ಕೂಸುಗಳೆಲ್ಲ ಕುಡಿದದ್ದು ಅದೊಂದರಲ್ಲೇ. ನಾನು, ನನ್ನಮ್ಮ, ಮಾಮ, ಎಲ್ಲರೂ.

"ನೋಡವ್ವ, ಕೂಸಿನ ವಟ್ಟೆಗೆ ಏನು ಓದ್ರೂ ಇದ್ರಾಗೇ ಓಗ್ಬೇಕು. ಕಾಯ್ಲೆನೂ ಇದೇ ದಾರೀಲೇ ಓಗ್ಯದೆ. ದಾರೀಗೇ ಬರೆ ಆಕ್ಬುಟ್ರೆ?"

ಅಜ್ಜಿ ಅಷ್ಟು ಸುಲಭಕ್ಕೆ ಬಗ್ಗುವವಳೇ? "ಬೆಳ್ಳೀಗೆ ಬರೆ ಆಕುದ್ರೆ ಕೂಸಿಗೆ ಎಂಗ್ಲಾ ತಾಕ್ತದೆ?"

"ಮಂತ್ರ ಅದೆ."

"ಆ ಪಾದ್ರಪ್ಪ ಕಲಿಸಿದ್ದಾ?" ಅಜ್ಜಿಯ ದನಿ ಇಳಿಯಿತು. ಆಗ ನನಗೆ ಹೊಳೆಯಿತು, ಇಷ್ಟು ವರ್ಷವೂ ಮಗ ಕೊಟ್ಟಿಗೆಯಲ್ಲಿ, ಕಣದಲ್ಲಿ ಕೂಗುತ್ತಿದ್ದುದನ್ನೆಲ್ಲ ಅಜ್ಜಿ ಮಂತ್ರವೆಂದೇ ತಿಳಿದಿದ್ದಳು!

ಮಾಮ ಕಣ್ಣು ಮುಚ್ಚಿದ. "ಸಿಗ್ನುಂ, ಸಿಗಿಲ್ಲುಂ, ತಿತುಲುಸ್! ಕಾಮಾಲುಸ್, ಬಂಗಾರಪೇಟುಸ್, ಊರಿಗಾಮುಸ್!" ನಗು ತಡೆಯಲು ನಾನು ಮಗುವಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡೆ. ಕಣ್ಣೀರು ಮಾತ್ರ ಇನ್ನೂ ನಿಂತಿರಲಿಲ್ಲ. ಅಜ್ಜಿ ಭಕ್ತಿಯಿಂದ ಕೈಮುಗಿದಳು. ಮಾಮ ಆ ಕೈ ಬಿಡಿಸಿ ಮಿಷನ್ನು ಹಿಡಿಸಿದ. ಪೆನ್ಸಿಲ್ಲನ್ನೂ ಮುಟ್ಟದ ಕೈ ಅದು, ಸೌಟು ಹಿಡಿದಂತೆ ಹಿಡಿಯಿತು. ಅದರ ಮೇಲೆ ತನ್ನ ಕೈ ಇಟ್ಟು, ಅಕ್ಷರ ತಿದ್ದಿಸುವವನಂತೆ ನಿಧಾನವಾಗಿ ಒಳಲೆಯ ಹೊಟ್ಟೆಯ ಮೇಲೆ ಎಳೆಸಿದ. ಒಂದು ಗೀಟು. ಎರಡು. ಮೂರು.

"ಇನ್ನೇನೂ ಭಯ ಇಲ್ಲ ಬುಡು" ಎಂದು ಅಜ್ಜಿ ಬಳೆ ಚೂರನ್ನು ತಿಪ್ಪೆಗೆ ಎಸೆದು ಬಂದಳು. ಮರುದಿನ ಡಾಕ್ಟರು ಮಗುವನ್ನು ನೋಡಿ 'ಚೆನ್ನಾಗಿದೆ' ಎಂದಾಗ, ಒಳಲೆಯನ್ನು ಸೆರಗಿನಲ್ಲಿ ಒರೆಸುತ್ತಾ ಅವಳು ಬೀಗಿದ್ದನ್ನು ನೀವು ನೋಡಬೇಕಿತ್ತು! ಮಕ್ಕಳನ್ನು ಎತ್ತಿಕೊಂಡು ಬರುವವರಿಗೆ ಈಗ ಅವಳು ಹೇಳುವುದು ಒಂದೇ ಮಾತು: "ಮದ್ಲು ಡಾಕುಟ್ರಿಗೆ ತೋರ್ಸಿ, ಆಮ್ಯಾಕೆ ಒಳಲೆ ತಗಂಡು ನನ್ ಮಗನ ಅಂಗ್ಡಿಗೆ ಓಗ್ರಿ."

ಇರಲಿ, ನಾನು ಹೇಳಬೇಕಾದದ್ದು ಆ ದಿನದ್ದು. ಗೀಟು ಎಳೆದು ಮುಗಿದ ಮೇಲೆ ಮಾಮ ಮಗುವನ್ನು ಎತ್ತಿಕೊಂಡ. ಎತ್ತಿಕೊಂಡಿದ್ದೇ ತಡ, ನನ್ನ ಮಗಳು ಅವನ ಅಂಗಿ, ಬನಿಯನ್ನು ಎರಡನ್ನೂ ತೊಯ್ಯಿಸಿ ತನ್ನ ಮುದ್ರೆ ಒತ್ತಿಯೇಬಿಟ್ಟಳು! ಅವನು ನಗುತ್ತಾ ಹಿತ್ತಲಿಗೆ ಓಡಿದ. ನಾನು ಟವಲು ಹಿಡಿದು ಹಿಂದೆಯೇ ಹೋದೆ. ಯಾರೂ ನೋಡುತ್ತಿಲ್ಲವೆಂದು ಬಿಚ್ಚಿದ ಬನಿಯನ್ನು ತಲೆಯಿಂದ ಆಗತಾನೆ ಹೊರಬಂದಿತ್ತು. ಹೊಟ್ಟೆಯ ಮೇಲೆ, ಹೊಕ್ಕಳಿನ ಪಕ್ಕದಲ್ಲಿ, ಬೆರಳು ದಪ್ಪದ ಮೂರು ಗೀಟು. ಮೈ ಬೆಳೆದಂತೆ ಅವೂ ಬೆಳೆದು ಅಗಲವಾಗಿ, ಮಿರಮಿರ ಮಿಂಚುತ್ತಿದ್ದವು.

ಅವತ್ತಿನ ಶಾಕುಗಳೆಲ್ಲ ಇದರ ಮುಂದೆ ಏನೂ ಅಲ್ಲ. ಟವಲು ಕೊಡುವುದನ್ನೂ ಮರೆತು ನಿಂತೆ. "ಮಾಮ, ನಿಂಗೂನಾ?"

"ಊಂ. ಕೂಸಾಗಿದ್ದಾಗ." ಅವನು ಗೋಡೆಯ ಕಡೆ ತಿರುಗಿದ. "ಜನ ಇದ್ನ ನೋಡುದ್ರೆ ಏನಂತಾರೆ? 'ನೋಡು, ಬರೆ ಆಕಿದ್ಕೇ ಬದುಕವ್ನೆ' ಅಂತ ಇನ್ನಷ್ಟು ಮಕ್ಕಳ ಎತ್ಕೊಂಡು ಬತ್ತಾರೆ. ಅದ್ಕೇ ಬನೀನು."

"ಅಜ್ಜಿಗೆ ಒಂದು ಸಲವಾದ್ರೂ ಹೇಳಬಾರದಿತ್ತಾ, ಇದು ತಪ್ಪು ಅಂತ?"

"ಎಂಗೆ ಯೋಳ್ಲಿ ಅಮ್ಮಣ್ಣಿ? ಆವತ್ತು ಅವ್ವ ನನಗಿಂತ ಜಾಸ್ತಿ ಅತ್ತವಳಂತೆ, ನಿಮ್ಮಮ್ಮ ಯೋಳ್ತಾಳೆ. ನಾನು ಉಳುದಿರೋದೇ ಇದ್ರಿಂದ ಅಂತ ಇವತ್ತಿಗೂ ನಂಬವಳೆ. ಅದ್ನ ಸುಳ್ಳು ಅಂದ್ರೆ ಅವ್ಳಿಗೆ ಉಳ್ಯೋದೇನು?"

ಏನಾದರೂ ಮಾತಾಡಬೇಕೆಂದು, "ಇದಕ್ಕೇ ಅಲ್ವಾ ಮಾಮ ಸ್ಟಿಗ್ಮಾ ಅನ್ನೋದು?" ಎಂದೆ.

"ಅಲ್ಲ" ಎಂದ, ಥಟ್ಟನೆ. "ಅದು ಓಡೋಗೋ ಆಳಿಗೆ ಯಜಮಾನ ಆಕ್ತಿದ್ದಿದ್ದು. ಇದುಕ್ಕೆ ಏನಂತಾರೆ ಅಂತ ನಾನು ಫಾದರ್‌ನ ಕೇಳ್ಲೇ ಇಲ್ಲ. ಇದು ನಮ್ಮವ್ವ ಬರ್ದಿದ್ದು ಕಣಮ್ಮಿ. ಓದು ಬರಾ ಗೊತ್ತಿಲ್ದೋಳು ಜಲ್ಮದಾಗೆ ತನ್ನ ಮನೆ ಕೂಸಿಗೆ ಅಂತ ಬರ್ದಿದ್ದು ಇದೊಂದೇ." ಟವಲಿಗೆ ಕೈಚಾಚಿ ನಕ್ಕ. "ಈವತ್ತಿಗೆ ಎಲ್ಡಾಯ್ತು ನೋಡು."

ಒಳಗಿನಿಂದ ಅಜ್ಜಿಯ ದನಿ ಬಂತು: "ಲೇ, ಒದ್ದೆ ಮೈಯಾಗೆ ನಿಂತ್ಕಬ್ಯಾಡ ಕಣ್ಲಾ, ಸೀತ ಆಯ್ತದೆ!" ಅವಳು ಹಿತ್ತಲ ಬಾಗಿಲಿಗೆ ಬರುವಷ್ಟರಲ್ಲಿ ಮಾಮ, ಬಳೆ ಚೂರು ಎಸೆದು ಬಂದವಳ ಕಣ್ಣಿಗೆ ಆ ಗೀಟುಗಳು ಮತ್ತೆ ಬೀಳದಿರಲೆಂದು, ಟವಲನ್ನು ಎದೆಯವರೆಗೂ ಎಳೆದು ಬಿಗಿಯಾಗಿ ಸುತ್ತಿಕೊಂಡು, "ಬಂದೆ ಅವ್ವಾ" ಎಂದ.