ರೈಟರ್ ಬಿಸ್ನೆಸ್ ಸ್ಕೂಲಿಗೆ ಹೋದದ್ದು

ಕೆಲವರು ಪಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ನನಗೆ ಆ ಕಷ್ಟವಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರೆ ಸಾಕು, ಅದೇ ನನ್ನನ್ನು ಹುಡುಕಿಕೊಂಡು ಬರುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಪಾಲಿಬೆಟ್ಟದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವನು. ಆಗ ಮಡಿಕೇರಿಯಲ್ಲಿ, ದೊರೆಯೊಬ್ಬರು ಬಿಟ್ಟುಹೋದ ಹಳೆಯ ಬಂಗಲೆಯಲ್ಲಿ, ಬಿಸ್ನೆಸ್ ಸ್ಕೂಲೊಂದು ಶುರುವಾಯಿತು. ಇದ್ದದ್ದೇ ಇಪ್ಪತ್ತು ಸೀಟು. ಒಂದು ಸಿಕ್ಕರೆ ಎಸ್ಟೇಟ್ ಆಫೀಸಿನಲ್ಲಿ ಕುರ್ಚಿ. ಸಿಗದಿದ್ದರೆ ಜನ್ಮವಿಡೀ ಜಿಗಣೆಗಳಿಗೆ ಕಾಲು ಕೊಟ್ಟುಕೊಂಡು ಹಾಜರಿ ಬರೆಯುವುದೇ ಗತಿ. ಅರ್ಜಿ ಹಾಕಿದೆ, ಇಂಟರ್ವ್ಯೂಗೆ ಕರೆ ಬಂತು.

೧. ಅಪ್ಪನ ಅಪ್ಪಣೆ

"ವ್ಯಾಪಾರ ಕಲಿಯಕೂ ಶಾಲೆ ಉಟ್ಟಾ?" ಎಂದು ಅಪ್ಪ ನಮ್ಮ ಅರೆಭಾಷೆಯಲ್ಲಿ ಕೇಳಿದರು.

"ಉಟ್ಟು" ಎಂದೆ, ಅಂದರೆ ಇದೆ ಎಂದು.

"ಕಲಿಸುವ ಮೇಷ್ಟ್ರಿಗೆ ಅಂಗಡಿ ಉಟ್ಟಾ?"

"ಇಲ್ಲೆ."

ಅಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗಿದರು. ಅಂಗಡಿಯೇ ಇಲ್ಲದೆ ವ್ಯಾಪಾರದಿಂದ ಹೊಟ್ಟೆ ಹೊರೆಯುವವರು ಭಾರಿ ಬುದ್ಧಿವಂತರೇ ಇರಬೇಕು, ಹೋಗಿ ಕಲಿತು ಬಾ ಎಂದು ಅಪ್ಪಣೆ ಕೊಟ್ಟರು.

೨. ಕಿತ್ತಳೆ ಬುಟ್ಟಿ

ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಇದು ಇಂಟರ್ವ್ಯೂ, ನೆಂಟರ ಮನೆಯಲ್ಲ ಎಂದು ಎಷ್ಟು ಹೇಳಿದರೂ ಅವ್ವ ಕೇಳದೆ ಬುಟ್ಟಿ ತುಂಬ ಕಿತ್ತಳೆ ಹೊರಿಸಿಯೇ ಕಳಿಸಿದಳು. ಬಸ್ಸಿನಲ್ಲಿ ತೊಡೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ನನ್ನ ಸರ್ಟಿಫಿಕೇಟುಗಳು.

ಸ್ಕೂಲಿನ ಗೇಟಿನಲ್ಲಿ ಕಾವಲುಗಾರ, "ಹಣ್ಣಿನವರು ಹಿಂದಿನ ಬಾಗಿಲಿಗೆ ಹೋಗಿ" ಎಂದ.

ನನಗೆ ಮೈಯೆಲ್ಲ ಉರಿಯಿತು. "ಟೈ ಕಟ್ಟಿರೋದು ಕಾಣೋದಿಲ್ವಾ? ಇಂಟರ್ವ್ಯೂಗೆ ಬಂದವನು ನಾನು!"

ಅವನೇನೂ ಗಾಬರಿಯಾಗಲಿಲ್ಲ. "ಹಾಗಾದ್ರೆ ಎಡಗಡೆ ಕೋಣೇಲಿ ಇಡಿ ಸಾರ್."

ಹೋಗಿ ನೋಡಿದರೆ ಕೋಣೆ ತುಂಬ ಬಾಳೆಗೊನೆ, ಜೇನಿನ ಸೀಸೆ, ಏಲಕ್ಕಿ ಪೊಟ್ಟಣ. ಮೂಲೆಯಲ್ಲಿ ಕಾಲು ಕಟ್ಟಿದ ಹುಂಜವೊಂದಿತ್ತು. ತಂದವರು ಯಾರೆಂದು ಮೇಷ್ಟ್ರಿಗೆ ತಿಳಿಯದೆ ಹೋದೀತೆಂದು ಅದರ ಕೊರಳಿಗೆ ಇಂಟರ್ವ್ಯೂ ನಂಬರನ್ನೂ ಕಟ್ಟಿದ್ದರು.

೩. ಬಾರದೇ ಹೋದ ಅಭ್ಯರ್ಥಿ

ಅಂಗಳದಲ್ಲಿ ಮೂವತ್ತು ಜನ ಗುಂಪುಗಟ್ಟಿದ್ದರು. ಹೆಸರು ಕರೆಯಬೇಕಾದ ಗುಮಾಸ್ತರು ಅಂದು ಜ್ವರವೆಂದು ಬಂದಿರಲಿಲ್ಲ. ಒಳಗಿನಿಂದ ಒಬ್ಬರನ್ನು ಕರೆದರೆ ಮೂವರು ನುಗ್ಗುತ್ತಿದ್ದರು. ಆರು ವರ್ಷ ದಿನಾ ಬೆಳಿಗ್ಗೆ ಆಳುಗಳನ್ನು ಸಾಲು ನಿಲ್ಲಿಸಿದವನಿಗೆ ಇದನ್ನು ನೋಡಿಕೊಂಡು ಸುಮ್ಮನಿರಲು ಸಾಧ್ಯವೇ? ಜೇಬಿನಿಂದ ಕಾಗದ ತೆಗೆದೆ. ಎಲ್ಲರ ಹೆಸರು ಬರೆದುಕೊಂಡೆ, ಸಾಲು ನಿಲ್ಲಿಸಿದೆ, ಒಬ್ಬೊಬ್ಬರನ್ನೇ ಒಳಗೆ ಕಳಿಸಿದೆ. ಬೀಡಿ ಸೇದಲು ಬೇಲಿಯಾಚೆ ಹೋದವನನ್ನು ಗದರಿಸಿ ಕರೆತಂದೆ. ನಡುವೆ ಮೇಷ್ಟ್ರು ಕಾಫಿ ಬೇಕೆಂದರು, ಅದನ್ನೂ ತರಿಸಿಕೊಟ್ಟೆ.

ಮಧ್ಯಾಹ್ನ ದಾಟಿದ ಮೇಲೆ ಮೂವರು ಮೇಷ್ಟ್ರೂ ಹೊರಗೆ ಬಂದರು. ಹಿರಿಯರು, "ಎಲ್ಲಾ ಆಯ್ತೇನ್ರೀ?" ಎಂದರು.

"ಆಯ್ತು ಸಾರ್."

"ನಮ್ಮ ಪಟ್ಟಿಯಲ್ಲಿ ಮೂವತ್ತೊಂದು ಹೆಸರಿದೆಯಲ್ಲ? ಒಬ್ಬ ಬಂದಿಲ್ಲ."

ಅಂಗಳದ ತುಂಬ ಕಣ್ಣಾಡಿಸಿದೆ. "ಯಾರೂ ಇಲ್ಲ ಸಾರ್. ಆಬ್ಸೆಂಟ್ ಹಾಕಿಬಿಡಿ."

ಅವರು ಹಾಕಿಬಿಟ್ಟರು.

ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಆಳುಗಳ ಪಟ್ಟಿಯಲ್ಲಿ ತನ್ನ ಹೆಸರನ್ನು ಎಂದೂ ಬರೆದುಕೊಳ್ಳುವುದಿಲ್ಲ. ಆ ಅಭ್ಯಾಸ ನನ್ನ ಕುತ್ತಿಗೆಗೇ ಬಂದಿತ್ತು. ಗೇಟಿನ ತನಕ ಹೋದ ಮೇಲೆ ಅದು ಹೊಳೆಯಿತು. ಎದ್ದೆನೋ ಬಿದ್ದೆನೋ ಎಂದು ವಾಪಸು ಓಡಿದೆ.

"ಸಾರ್, ಆ ಬಾರದೇ ಇದ್ದವನು ನಾನೇ ಸಾರ್!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಅಳುವೇ ಬಂದಿತ್ತು. ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಹಿರಿಯರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಪಟ್ಟಿಯಲ್ಲಿ ಆಬ್ಸೆಂಟ್ ಹೊಡೆದುಹಾಕಿ, "ನಿಮಗೆ ಬೇರೆ ಇಂಟರ್ವ್ಯೂ ಯಾಕ್ರೀ? ಬೆಳಿಗ್ಗೆಯಿಂದ ನೋಡಿದ್ದೇವಲ್ಲ. ಸೋಮವಾರ ಬಂದು ಸೇರಿಕೊಳ್ಳಿ. ಆದರೆ ಒಂದು ಷರತ್ತು" ಎಂದರು.

"ಏನು ಸಾರ್?"

"ಕ್ಲಾಸಿನಲ್ಲಿ ಹಾಜರಿ ಮಾತ್ರ ನಾವೇ ಕರೀತೇವೆ."