ಮುಳುಗೋ ಮಂದಿ, ಎತ್ತಿದ ಕೈ

ನಗಬಾರದ ಜಾಗದಲ್ಲೇ ನಗು ಬರುತ್ತದೆ ಎನ್ನುವುದಕ್ಕೆ ನಮ್ಮ ಸಭೆಗಿಂತ ಒಳ್ಳೆಯ ಸಾಕ್ಷಿ ಬೇರೆ ಇರಲಿಕ್ಕಿಲ್ಲ. ಪ್ರಾರ್ಥನೆಗೆಂದು ಎಲ್ಲರೂ ಕಣ್ಣು ಮುಚ್ಚಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತಿತ್ತು.

ನಾನು ಆಗ ತಿಕೋಟಾದಲ್ಲಿ ಕನ್ನಡ ಸಾಲಿ ಮಾಸ್ತರ. ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಮಾತು. ವಿಜಾಪುರ, ತಿಕೋಟಾ, ಬಬಲೇಶ್ವರ ಮೂರೂ ಕಡೆಯವರನ್ನು ಕೂಡಿಸಿದರೆ ನಮ್ಮ ಬ್ಯಾಪ್ಟಿಸ್ಟ್ ಸಭೆಗೆ ಹದಿನಾಲ್ಕು ಸದಸ್ಯರು, ಮೇಲೊಬ್ಬ ಉಪದೇಶಿ. ತಿಕೋಟಾದಲ್ಲಿ ಮಣ್ಣಿನ ಮಾಳಿಗೆಯ ಒಂದು ಪ್ರಾರ್ಥನಾ ಮನೆ ಇತ್ತು. ಮಳೆ ಬಂದರೆ ಸೋರುತ್ತಿತ್ತು. ಮಳೆ ಬರುವುದೇ ಅಪರೂಪವಾದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ನಮ್ಮಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ಬುದ್ಧಿ ತಿಳಿದ ಮೇಲೆ, ತಾನಾಗಿ ಬೇಕೆಂದು ಬಂದವರನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುತ್ತೇವೆ. ಹಾಗೆ ಮುಳುಗಿದವರೇ ಸದಸ್ಯರು. ಅದಕ್ಕೇ ಊರವರು ನಮಗೆ ‘ಮುಳುಗೋ ಮಂದಿ’ ಎಂದು ಹೆಸರಿಟ್ಟಿದ್ದರು. ಕುಡಿಯುವ ನೀರಿಗೇ ಪರದಾಡುವ ಸೀಮೆಯಲ್ಲಿ ಇಂಥ ಪಂಗಡಕ್ಕೆ ಯಾಕೆ ಅಂಟಿಕೊಂಡು ಕೂತಿರಿ ಎಂದು ಈಗಲೂ ಕೇಳುವವರಿದ್ದಾರೆ. ಶಾಸ್ತ್ರ ಹೇಳುವಷ್ಟು ಓದು ನನಗಿಲ್ಲ. ಆದದ್ದನ್ನು ಹೇಳುತ್ತೇನೆ.

ಗೌಡರ ಬಾವಿ

ನಾನು ಮುಳುಗಬೇಕಾದ ವರ್ಷ ಬಾವಿಗಳೆಲ್ಲ ತಳ ಕಂಡಿದ್ದವು. ನಮ್ಮ ಉಪದೇಶಿಗಳು ಆರಡಿಯ ಒಣಕಲು ಆಳು. ವಿಜಾಪುರದ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಸೈಕಲ್ ಮೇಲೆ ಮೂರೂ ಊರು ಅಲೆದು, ಎಲ್ಲೆಲ್ಲಿ ಎಷ್ಟೆಷ್ಟು ನೀರಿದೆ ಎಂದು ಬಾವಿ ಬಾವಿ ಬಗ್ಗಿ ನೋಡಿದರು. ಕೊನೆಗೆ ಸಿಕ್ಕಿದ್ದು ತಿಕೋಟಾದ ಗೌಡರೊಬ್ಬರ ತೋಟದ ಬಾವಿ. ಮೆಟ್ಟಿಲಿಳಿದು ಹೋಗುವಂಥ ದೊಡ್ಡ ಬಾವಿ. ಗೌಡರು ಎರಡು ವರ್ಷದ ಹಿಂದೆ ಅರ್ಧ ಎಕರೆ ದ್ರಾಕ್ಷಿ ಹಚ್ಚಿದ್ದರು. ನಮ್ಮಂಥವರನ್ನು ಬಾವಿಯ ಹತ್ತಿರವೂ ಬಿಡದ ಕಾಲ ಅದು. ಅವರ ಮಗನಿಗೆ ನಾನು ಅಕ್ಷರ ಕಲಿಸಿದ್ದೆ ಎಂದೋ ಏನೋ, ಗೌಡರು ಇಲ್ಲ ಎನ್ನಲಿಲ್ಲ. ಅದು ಸಣ್ಣ ಮಾತಲ್ಲ.

“ಎಷ್ಟು ನೀರು ಬೇಕಾಗತೈತ್ರಿ?” ಎಂದು ಕೇಳಿದರು.

“ಎದಿ ಮಟ ಇದ್ರ ಸಾಕ್ರಿ,” ಎಂದರು ಉಪದೇಶಿಗಳು.

ಗೌಡರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಐದಡಿಗೆ ಎರಡು ಬೆರಳು ಕಡಿಮೆ. “ಯಾರ ಎದಿ ಮಟ?” ಎಂದರು.

ಎರಡು ದಿನ ನೀರೆತ್ತುವ ಇಂಜಿನ್ ಬಂದ್ ಇಟ್ಟು ಬಾವಿಯಲ್ಲಿ ನೀರು ಏರಲು ಬಿಟ್ಟರು. ಭಾನುವಾರ ನಾನು ಮುಳುಗಿ ಎದ್ದೆ. ದಂಡೆಯ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದ ಗೌಡರು ಉಪದೇಶಿಗಳನ್ನು ಪಕ್ಕಕ್ಕೆ ಕರೆದರು.

“ಅಯ್ಯಾಗೋಳ, ಹಳೇ ಪಾಪ ಎಲ್ಲಾ ಕಳೀತು ಅಂದ್ರಿ. ಇದ ನೀರ ನಾ ನಾಳೆ ಬಳ್ಳಿಗೆ ಬಿಡಬೇಕು. ಬಳ್ಳಿಗೇನಾರ ಆಗತೈತೇನ್ರಿ?”

ಉಪದೇಶಿಗಳು ಧೋತರ ಹಿಂಡುತ್ತಿರುವಾಗ ಗೌಡರೇ ನನ್ನನ್ನು ತಲೆಯಿಂದ ಪಾದದವರೆಗೆ ನೋಡಿ, “ಏ, ಇರಲಿ ಬಿಡ್ರಿ. ಈ ಮಾಸ್ತರನ ಪಾಪ ಅಂದ್ರ ಎಷ್ಟಿದ್ದೀತು!” ಎಂದು ಸಮಾಧಾನ ಮಾಡಿಕೊಂಡರು. ನನಗೆ ಅದು ಹೊಗಳಿಕೆಯೋ ಅವಮಾನವೋ ಇವತ್ತಿಗೂ ಗೊತ್ತಾಗಿಲ್ಲ.

ಆ ಹಂಗಾಮಿನಲ್ಲಿ ದ್ರಾಕ್ಷಿ ಬಹಳ ಸಿಹಿ ಬಂತು. ಗೌಡರು ಒಂದು ಬುಟ್ಟಿ ಹಣ್ಣು ತಂದು ಪ್ರಾರ್ಥನಾ ಮನೆಯ ಬಾಗಿಲಲ್ಲಿ ಇಳಿಸಿ, “ಮುಂದಿನ ವರ್ಷ ಸ್ವಲ್ಪ ದೊಡ್ಡ ಪಾಪದಾಂವನ್ನ ಕರಕೊಂಡ ಬರ್ರಿ,” ಎಂದು ಹೋದರು.

ಅರ್ಧಕ್ಕೆ ನಿಂತ ಎತ್ತು

ನಮ್ಮಲ್ಲಿ ಮೇಲಿನಿಂದ ಹುಕುಂ ಹೊರಡಿಸುವವರು ಯಾರೂ ಇಲ್ಲ. ಏನೇ ಆಗಲಿ, ಸದಸ್ಯರು ಕೈ ಎತ್ತಬೇಕು, ನಾನು ಎಣಿಸಿ ಬರೆದಿಡಬೇಕು. ಚಾಪೆ ಒಳಗೆ ಹಾಸುವುದೋ ಹೊರಗೋ ಎನ್ನುವುದಕ್ಕೂ ಕೈ. ಉಪದೇಶಿಗಳು ಮಾತ್ರ ಎಂದೂ ಕೈ ಎತ್ತುತ್ತಿರಲಿಲ್ಲ. ತಾವು ಎತ್ತಿದರೆ ಉಳಿದವರು ತಮ್ಮ ಮುಖ ನೋಡಿ ಎತ್ತುತ್ತಾರೆ ಎಂದು ಅವರ ಹೆದರಿಕೆ.

ಒಂದು ಬೇಸಿಗೆಯ ಭಾನುವಾರ ಉಪದೇಶ ಬಹಳ ಉದ್ದವಾಯಿತು. ಬಡ ರೈತನೊಬ್ಬನ ಎತ್ತು ಬಾವಿಗೆ ಬಿದ್ದ ಕಥೆ ಹೇಳುತ್ತಿದ್ದರು. ಊರೆಲ್ಲ ಸೇರಿ ಹಗ್ಗ ಹಾಕಿ ಎಳೆಯುತ್ತಿದ್ದರು, ಎತ್ತು ಅರ್ಧ ಬಾವಿ ಮೇಲೆ ಬಂದಿತ್ತು. ಜನ ತೂಕಡಿಸುವುದನ್ನು ಕಂಡು ಉಪದೇಶಿಗಳು ಮೆಲ್ಲಗೆ, “ಮುಂದ ಹೇಳ್ಲ್ಯೋ, ಇಲ್ಲಿಗೆ ನಿಂದರಸಲೋ?” ಎಂದರು. ನಾನು ಎಣಿಸಿದೆ. ಹೇಳಿ ಎಂದವರು ಆರು, ನಿಲ್ಲಿಸಿ ಎಂದವರು ಎಂಟು. ಉಪದೇಶಿಗಳು ಪುಸ್ತಕ ಮುಚ್ಚಿದರು. ಎತ್ತು ಅಲ್ಲೇ ಉಳಿಯಿತು.

ಬುಧವಾರ ಪಕ್ಕದ ಊರು ಘೋಣಸಗಿಯ ಆಯಿ ನನ್ನ ಮನೆಗೆ ಬಂದಳು. ಎಪ್ಪತ್ತರ ಹತ್ತಿರದ ವಿಧವೆ. ಇಪ್ಪತ್ತು ವರ್ಷದಿಂದ ಒಂದು ಭಾನುವಾರವೂ ತಪ್ಪಿಸಿದವಳಲ್ಲ, ಆದರೆ ಸದಸ್ಯಳಲ್ಲ. ಮುಳುಗಲು ಹೆದರಿಕೆ. ಚಿಕ್ಕವಳಿದ್ದಾಗ ನೀರು ತರಲು ಹೋದ ಅವಳ ಅಕ್ಕ ಕಣ್ಣೆದುರೇ ಕಾಲು ಜಾರಿ ಬಾವಿಗೆ ಬಿದ್ದು ತೀರಿಕೊಂಡಿದ್ದಳು. ಅದನ್ನು ತಿಳಿದು ಉಪದೇಶಿಗಳು ಒಂದು ದಿನವೂ ಅವಳನ್ನು ಒತ್ತಾಯಿಸಲಿಲ್ಲ. ಎಲ್ಲರೂ ಕೈ ಎತ್ತುವಾಗ ಅವಳು ಸೆರಗಿನೊಳಗೆ ಕೈ ಕಟ್ಟಿ ಕೂತಿರುತ್ತಿದ್ದಳು.

“ಮಾಸ್ತರ, ನನಗ ಕೈ ಎತ್ತೂ ಹಕ್ಕಿಲ್ಲ ಖರೆ,” ಎಂದಳು. “ಆದ್ರ ಮೂರು ದಿನ ಆತು, ಕಣ್ಣು ಮುಚ್ಚಿದ್ರ ಆ ಎತ್ತು ಜೋತಾಡಾಕತ್ತೈತಿ. ಅಯ್ಯಾಗೋಳಿಗೆ ಒಂದು ಕಾರ್ಡ ಬರೀರಿ. ಮೊದಲ ಅದನ್ನ ಮ್ಯಾಲ ತಗೀರಿ ಅಂತ ಹೇಳ್ರಿ.”

ಬರೆದೆ. ಶುಕ್ರವಾರ ಉತ್ತರ ಬಂತು: “ಎತ್ತು ಸುಖವಾಗಿದೆ. ಮೇವು ತಿನ್ನುತ್ತಿದೆ.”

ತೊರವಿ ದಾಟಿ

ಉಪದೇಶಿಗಳು ಒಂದು ಭಾನುವಾರ ಒಂದು ತಾಸು ತಡವಾಗಿ ಬಂದರು. ಧೋತರ ಹರಿದಿತ್ತು, ಸೈಕಲ್ಲಿನ ಹ್ಯಾಂಡಲ್ ಸೊಟ್ಟಗಾಗಿತ್ತು.

“ಬಿದ್ರೇನ್ರಿ?” ಎಂದೆ.

“ಇಲ್ಲಪ್ಪ. ತೊರವಿ ದಾಟಿದ ಮ್ಯಾಲ ಹೊಲಾ ಭಾಳ ಚಂದ ಕಾಣಸ್ತು. ನೋಡಾಕ ಇಳದೆ.”

ನಮ್ಮ ಸಭೆಯಲ್ಲಿ ವಿಜಾಪುರದ ದವಾಖಾನೆಯ ಒಬ್ಬ ಕಂಪೌಂಡರ್ ಇದ್ದರು. ನಿಯಮ ಎಂದರೆ ನಿಯಮ ಎನ್ನುವ ಮನುಷ್ಯ. ಪಟ್ಟಿ ಕಟ್ಟುತ್ತ, “ಮಣಕಾಲ ಮ್ಯಾಲ ಇಳದೀರಿ?” ಎಂದರು.

ಎಲ್ಲರೂ ನಕ್ಕೆವು. ನಕ್ಕು ಮುಗಿದ ಮೇಲೆ ಆ ಸೊಟ್ಟ ಹ್ಯಾಂಡಲ್ ಕಣ್ಣಿಗೆ ಬಿತ್ತು. ಅರವತ್ತೈದು ದಾಟಿದ ಮನುಷ್ಯ ಇನ್ನೆಷ್ಟು ದಿನ ಹೀಗೆ ಸೈಕಲ್ ತುಳಿದಾರು?

ಮೂರು ಹನಿ

ಆ ವರ್ಷವೇ ವಿಜಾಪುರದ ಇನ್ನೊಂದು ಪಂಗಡದ ದೊಡ್ಡ ಸಭೆಯ ಹಿರಿಯ ಪಾದ್ರಿಗಳು ಜೀಪಿನಲ್ಲಿ ಬಂದರು. ಒಳ್ಳೆಯ ಮನುಷ್ಯ. ಅವರದು ಹಂಚಿನ ಮಾಡಿನ ಕಟ್ಟಡ, ಗಂಟೆ, ಬಾಜಾಪೆಟ್ಟಿಗೆ, ಎಲ್ಲ ಇತ್ತು. “ನೀವು ನಮ್ಮ ಕೂಡ ಸೇರಿಬಿಡ್ರಿ. ನಿಮ್ಮ ಉಪದೇಶಿಗಳಿಗೆ ನಮ್ಮ ಆವರಣದಾಗ ಒಂದು ಮನಿ ಕೊಡ್ತೇವಿ. ಸಾಯೂ ತನಕ ಆರಾಮ ಇರಲಿ,” ಎಂದರು.

ಈ ಮಾತು ನನ್ನ ಎದೆಗೆ ನಾಟಿತು. ಉಪದೇಶಿಗಳು ನೆಲ ನೋಡುತ್ತ ಕೂತಿದ್ದರು. ತಾವೇ ಮುಳುಗಿಸಿ ಎಬ್ಬಿಸಿದ ಸಭೆ ಮುಚ್ಚುವುದು ಅವರಿಗೆ ಬೇಕಿರಲಿಲ್ಲ. ಆದರೆ ಬಾಯಿ ಬಿಟ್ಟು ಹೇಳಿದರೆ ನಾವು ಅದಕ್ಕೇ ಕೈ ಎತ್ತುತ್ತೇವೆಂದು ಸುಮ್ಮನಿದ್ದರು.

ಪಾದ್ರಿಗಳು ಆಯಿಯ ಕಥೆ ಕೇಳಿ ಮರುಗಿದರು. “ಆಯೀ, ನಮ್ಮಲ್ಲಿ ಬಾವಿ ಇಲ್ಲ, ಮುಳುಗೂದಿಲ್ಲ. ಖುರ್ಚಿ ಮ್ಯಾಲ ಕುಂದ್ರಸ್ತೇವಿ, ತಲಿ ಮ್ಯಾಲ ಮೂರು ಹನಿ ನೀರು, ಮುಗೀತು.”

ನಾವೆಲ್ಲ ಆಯಿಯ ಮುಖ ನೋಡಿದೆವು. ಇಪ್ಪತ್ತು ವರ್ಷದ ಹೆದರಿಕೆ ಮೂರು ಹನಿಯಲ್ಲಿ ತೀರುವ ಹಾಗಿತ್ತು.

“ಆಮ್ಯಾಲ ನಾ ಕೈ ಎತ್ತಬಹುದೇನ್ರಿ?” ಎಂದಳು ಆಯಿ.

“ನಮ್ಮಲ್ಲಿ ಹಂಗ ಪ್ರತಿಯೊಂದಕ್ಕೂ ಕೈ ಎತ್ತೂದಿಲ್ಲ ಆಯೀ. ಮ್ಯಾಲಿನವರು ವಿಚಾರ ಮಾಡಿ ತಿಳಸ್ತಾರ. ನಿನಗ ಯಾವ ತ್ರಾಸೂ ಇಲ್ಲ.”

ಆಯಿ ತಲೆ ಅಲ್ಲಾಡಿಸಿದಳು. “ಹುಟ್ಟಿದಾಗಿಂದ ಹಂಗ ಬಂದೈತ್ರಿ. ಮೊದಲ ಅಪ್ಪ ತಿಳಸ್ತಿದ್ದ, ಆಮ್ಯಾಲ ಗಂಡ, ಈಗ ಮಗ. ತಿಳಸವರಿಗೇನು ಬರಾ ಇಲ್ಲ. ನನ್ನ ಕೈ ಎಣಸವರು ಇಲ್ಲಿ ಅಷ್ಟ ಅದಾರ.”

ಪಾದ್ರಿಗಳು ಜೀಪು ಹತ್ತುವಾಗ ನನ್ನನ್ನು ಕರೆದು, “ಮಾಸ್ತರ, ಈ ಆಯಿನ್ನ ನಮ್ಮ ಸಭಾಕ್ಕ ಕರಕೊಂಡ ಬರಬ್ಯಾಡ್ರಿ. ಉಳಿದವರೂ ಕಲೀತಾರ,” ಎಂದು ನಕ್ಕರು.

ಎಡಗೈ

ಸೇರಬೇಕೋ ಬೇಡವೋ ಎಂದು ಮುಂದಿನ ಭಾನುವಾರ ಕೈ ಎತ್ತಿದೆವು. ಸೇರೋಣ ಎಂದವರು ಏಳು, ಬೇಡ ಎಂದವರು ಏಳು. ನಾನು ಮತ್ತು ಕಂಪೌಂಡರು ಸೇರೋಣ ಎಂದೆವು, ಉಪದೇಶಿಗಳ ಮಣಕಾಲು ನೆನೆಸಿಕೊಂಡು. ನನ್ನ ಹೆಂಡತಿ ಬೇಡ ಎಂದಳು. ಅವತ್ತು ಮನೆಯಲ್ಲಿ ನನಗೆ ರೊಟ್ಟಿ ಬಂತು, ಪಲ್ಯ ಬರಲಿಲ್ಲ.

ಸಮ ಬಿದ್ದದ್ದಕ್ಕೆ ಮತ್ತೊಂದು ವಾರ ಬಿಟ್ಟು ಎಣಿಸುವುದೆಂದಾಯಿತು. ಆಗ ಹಿಂದಿನಿಂದ ಆಯಿ ಎದ್ದಳು. “ಅಯ್ಯಾಗೋಳ, ಅದಕ್ಕಿಂತ ಮೊದಲ ನನ್ನ ಮುಳುಗಸ್ರಿ.”

ಉಪದೇಶಿಗಳು ಗಾಬರಿಯಾದರು. “ಆಯೀ, ಬರೇ ಕೈ ಎತ್ತಾಕಂತ ಮುಳುಗಬಾರದು.”

“ನಂಬಿಗಿ ಇಪ್ಪತ್ತು ವರ್ಷದಿಂದ ಐತ್ರಿ. ಧೈರ್ಯ ಈಗ ಬಂದೈತಿ,” ಎಂದಳು.

ಗೌಡರು ಮತ್ತೆ ಇಂಜಿನ್ ಬಂದ್ ಮಾಡಿದರು. ಭಾನುವಾರ ಎಲ್ಲರೂ ಬಾವಿಯ ಮೆಟ್ಟಿಲ ಮೇಲೆ ನಿಂತೆವು. ಆಯಿ ಒಂದೊಂದು ಮೆಟ್ಟಿಲಿಗೂ ಅಕ್ಕನ ಹೆಸರು ಹೇಳುತ್ತ ಇಳಿದಳು. ನೀರು ಸೊಂಟಕ್ಕೆ ಬಂದಾಗ ಮೈಯೆಲ್ಲ ನಡುಗುತ್ತಿತ್ತು. ನನ್ನ ಹೆಂಡತಿ ಅಳಲು ಶುರು ಮಾಡಿದಳು. ಉಪದೇಶಿಗಳು ಆಯಿಯ ಬೆನ್ನಿಗೆ ಕೈ ಕೊಟ್ಟು, ಪ್ರಾರ್ಥಿಸಿ, ಮೆಲ್ಲಗೆ ಹಿಂದಕ್ಕೆ ಬಾಗಿಸಿ ಮುಳುಗಿಸಿದರು.

ಆಯಿ ಪೂರ್ತಿ ಮುಳುಗಿದಳು. ಬಲಗೈ ಒಂದು ಮಾತ್ರ ನೆಟ್ಟಗೆ ನೀರಿನ ಮೇಲೆ ನಿಂತಿತ್ತು.

ಎದ್ದು, ಉಸಿರು ತಿರುಗಿಸಿಕೊಂಡು, ಕಣ್ಣು ಒರೆಸಿಕೊಂಡಳು. “ಕೈ ಯಾಕ ಎತ್ತಿದ್ದಿ ಆಯೀ?” ಎಂದೆ.

“ಅಲ್ಲೇ ಉಸಿರು ಹೋದ್ರ? ನನ್ನ ಕೈ ಎಣಿಕ್ಯಾಗ ಬಂದಿರಲಿ ಅಂತ ಮೊದಲ ಎತ್ತಿಟ್ಟಿದ್ದೆ. ಸೇರೂದು ಬ್ಯಾಡ. ಬರಕೋರಿ.”

ಕಂಪೌಂಡರು ಕೆಮ್ಮಿದರು. ನಿಯಮ ಬಿಟ್ಟು ಬದುಕುವ ಮನುಷ್ಯ ಅಲ್ಲವಲ್ಲ. “ಅಯ್ಯಾಗೋಳ, ಸಿಟ್ಟಾಗಬ್ಯಾಡ್ರಿ. ಮೈಯೆಲ್ಲಾ ಮುಳುಗಬೇಕು ಅಂತ ನಮ್ಮ ನಿಯಮ. ಆ ಕೈ ಮುಳುಗಿಲ್ಲ. ಮುಳುಗದ ಕೈ ಎಣಸೂದು ಹೆಂಗ?”

ಉಪದೇಶಿಗಳೂ ಪೇಚಿಗೆ ಬಿದ್ದರು. ಇನ್ನೊಮ್ಮೆ ಮುಳುಗು ಎಂದು ಆ ನಡುಗುವ ಮುದುಕಿಗೆ ಯಾರು ಹೇಳಬೇಕು?

ಆಯಿ ಕಂಪೌಂಡರನ್ನು ಒಂದು ಗಳಿಗೆ ನೋಡಿದಳು. ಬಲಗೈ ಇಳಿಸಿದಳು. ನೀರು ಸೋರುತ್ತಿದ್ದ ಎಡಗೈ ಎತ್ತಿದಳು.

“ಇದು ಪೂರಾ ಮುಳುಗೇತಿ. ಇದನ್ನ ಎಣಸ್ರಿ.”

ಮೊದಲು ನಕ್ಕವರು ಮೇಲೆ ನಿಂತಿದ್ದ ಗೌಡರು. ಆಮೇಲೆ ಬಾವಿಯೇ ನಕ್ಕ ಹಾಗೆ ಸದ್ದು ತುಂಬಿತು. ಕಂಪೌಂಡರಂತೂ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕರು. ನಾನು ಅಲ್ಲೇ ಮತ್ತೆ ಎಣಿಸಿದೆ. ಸೇರೋಣ ಎಂದವರು ಏಳು, ಬೇಡ ಎಂದವರು ಎಂಟು. ಪುಸ್ತಕದಲ್ಲಿ ‘ಅದರಲ್ಲಿ ಒಂದು ಎಡಗೈ’ ಎಂದು ಬರೆದೆ. ಸೋತವರಲ್ಲಿ ನಾನೂ ಒಬ್ಬ. ಅಷ್ಟು ಸಂತೋಷದಿಂದ ನಾನು ಮತ್ತೆಂದೂ ಸೋತಿಲ್ಲ.

ಮೇಲೆ ಬಂದು ಒಣ ಸೀರೆ ಉಟ್ಟ ಮೇಲೆ ಆಯಿ, “ಈಗ ನಾನೂ ಸದಸ್ಯಳಾದ್ನಿಲ್ಲೋ? ನಂದೊಂದು ಮಾತೈತಿ,” ಎಂದಳು. “ಅಯ್ಯಾಗೋಳು ಇನ್ನ ಮ್ಯಾಲ ಸೈಕಲ್ ಹತ್ತಬಾರದು. ವಿಜಾಪುರದ ಕೋಣಿ ಬಿಟ್ಟು ಇಲ್ಲೇ ತಿಕೋಟಾದಾಗ ಮಾಸ್ತರನ ಮನ್ಯಾಗ ಇರಬೇಕು. ಬಬಲೇಶ್ವರದವರು, ಶಹರದವರು ಬಸ್ಸಿಗೆ ಬರ್ರಿ. ಯಾರ್ಯಾರು ಹೂಂ ಅಂತೀರಿ?”

ನನ್ನ ಮನೆಯ ವಿಷಯ, ನನ್ನನ್ನು ಕೇಳಿಯೇ ಇರಲಿಲ್ಲ. ಆದರೆ ನನ್ನ ಹೆಂಡತಿಯ ಕೈ ಆಗಲೇ ಮೇಲಿತ್ತು. ನಾನೂ ಎತ್ತಿದೆ. ಹದಿನೈದಕ್ಕೆ ಹದಿನೈದೂ ಎದ್ದವು.

“ಬ್ಯಾಡ ಅನ್ನವರು?” ಎಂದು ರೂಢಿಯಂತೆ ಕೇಳಿದೆ.

ಒದ್ದೆ ಧೋತರದಲ್ಲಿ ನಿಂತಿದ್ದ ಉಪದೇಶಿಗಳು, ಅಷ್ಟು ವರ್ಷದಲ್ಲಿ ಮೊದಲ ಸಲ, ತಮ್ಮ ಉದ್ದನೆಯ ಕೈ ಎತ್ತಿದರು. ಯಾರಿಗೂ ಭಾರವಾಗಬಾರದು ಎನ್ನುವ ಜೀವ. ಅವರ ಕಣ್ಣು ತುಂಬಿದ್ದವು.

ನಾನು ಎಣಿಸಿ ಓದಿದೆ: “ಪರವಾಗಿ ಹದಿನೈದು, ವಿರುದ್ಧ ಒಂದು.”

ಆಯಿ ಹತ್ತಿರ ಹೋಗಿ, ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

“ಸೋತಿ ಯಪ್ಪಾ,” ಎಂದಳು. “ಆದ್ರ ನಿನ್ನ ಕೈನೂ ಎಣಸೇವಿಲ್ಲೋ?”